ಗಾಡಿಗೆ ಬೇರೆ, ಆಫೀಸಿಗೆ ಬೇರೆ

ದಾವಣಗೆರೆಯಲ್ಲಿ ಲಾರಿ ಮಾಲೀಕರೂ, ಮಾಲು ಬುಕ್ ಮಾಡಿಕೊಂಡು ಲಾರಿಗೆ ಹಾಕಿಸುವ ಬುಕಿಂಗ್ ಆಫೀಸಿನವರೂ ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳಿವು. ಮಾಲು ಸಾಗಿಸಲು ಗಾಡಿಗೆ ಯಾವ ಕಾಗದ ಬೇಕು, ಆಫೀಸಿಗೆ ಯಾವುದು ಬೇಕು ಅನ್ನೋದೇ ವಿಷಯ. ಬರೆದು ಕೊಡಿ ಅಂತ ಕೆಲವರು ಕೇಳಿದರು. ಸ್ವಲ್ಪ ಓರಣ ಮಾಡಿದ್ದೇನೆ, ಜಾಸ್ತಿ ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ. ಹೊರಗೆ ಮಂಡಕ್ಕಿ ಮೆಣಸಿನಕಾಯಿ ತಯಾರಾಗುತ್ತಿದೆ. ಎಣ್ಣೆ ವಾಸನೆ ಇಲ್ಲಿಗೇ ಬರುತ್ತಿದೆ. ಹಾಗಾಗಿ ನಾನು ಉದ್ದಕ್ಕೆ ಎಳೆದರೆ ನೀವು ಎದ್ದು ಹೋಗುತ್ತೀರಿ ಅಂತ ಗೊತ್ತು.

ಒಳಗೆ ಬರುವಾಗ ಗೇಟಿನ ಹತ್ತಿರ ಒಂದು ಹಳೇ ಲಾರಿ ನಿಂತಿತ್ತು. ಹಣೆ ಮೇಲೆ 'ಪಬ್ಲಿಕ್ ಕ್ಯಾರಿಯರ್' ಅಂತ ದೊಡ್ಡ ಅಕ್ಷರ, ಸುತ್ತ ಹೂಬಳ್ಳಿ. ಪೇಂಟರ್ ಕೈ ಚೆನ್ನಾಗಿದೆ. ಆದರೆ ಆ ಎರಡು ಪದ ಕಾನೂನಿನಿಂದ ಹೋಗಿ ಮೂವತ್ತು ವರ್ಷದ ಮೇಲಾಯಿತು. 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಪಬ್ಲಿಕ್ ಕ್ಯಾರಿಯರ್ ಬೇರೆ, ಪ್ರೈವೇಟ್ ಕ್ಯಾರಿಯರ್ ಬೇರೆ ಇತ್ತು. ಊರವರ ಮಾಲನ್ನು ಬಾಡಿಗೆಗೆ ಸಾಗಿಸಿದರೆ ಪಬ್ಲಿಕ್. ತನ್ನ ಮಾಲನ್ನೇ ಸಾಗಿಸಿಕೊಂಡರೆ ಪ್ರೈವೇಟ್. 1988ರ ಕಾಯ್ದೆ ಬಂದು ಎರಡನ್ನೂ ಕೂಡಿಸಿ 'ಗೂಡ್ಸ್ ಕ್ಯಾರೇಜ್' ಅಂತ ಒಂದೇ ಹೆಸರಿಟ್ಟಿತು. ಪದ ಹೋಯಿತು, ಬೋರ್ಡು ಉಳಿಯಿತು.

ಬೋರ್ಡು ಉಳಿದರೆ ಉಳಿಯಲಿ, ಚಂದ ಕಾಣುತ್ತೆ. ತೊಂದರೆ ಏನಂದರೆ ಆ ಹಳೇ ಲೆಕ್ಕ ನಮ್ಮ ತಲೆಯಲ್ಲೂ ಉಳಿದಿದೆ. ರೈಸ್ ಮಿಲ್ಲಿನವರೊಬ್ಬರು ಹೋದ ತಿಂಗಳು ಬಂದಿದ್ದರು. "ಅಕ್ಕಿ ನಂದು, ಲಾರಿ ನಂದು, ಬಾಡಿಗೆ ಒಂದು ರೂಪಾಯಿ ಇಲ್ಲ. ನಂಗ್ಯಾಕೆ ಪರ್ಮಿಟ್?" ಅಂತ ಕೇಳಿದರು. ಕೇಳೋದು ನ್ಯಾಯವಾಗೇ ಇದೆ. ಆದರೆ ಆ 1988ರ ಕಾಯ್ದೆಯ 66ನೇ ಸೆಕ್ಷನ್ ಬಾಡಿಗೆ ಇದೆಯಾ ಅಂತ ನೋಡಲ್ಲ. ಸರಕು ಸಾಗಿಸುವ ಗಾಡಿ ರಸ್ತೆಗೆ ಇಳಿದರೆ ಪರ್ಮಿಟ್ ಬೇಕು, ಅಷ್ಟೇ. ಒಳಗೆ ಮಾಲು ಇರಲಿ, ಇಲ್ಲದೇ ಇರಲಿ ಅಂತಲೂ ಅಲ್ಲೇ ಬರೆದಿದೆ. ಖಾಲಿ ಲಾರಿಗೂ ಬೇಕು.

ನಾನು ಇಪ್ಪತ್ತೆಂಟು ವರ್ಷ ಬುಕಿಂಗ್ ಆಫೀಸಿನಲ್ಲಿ ಕೂತವನು. ಈಗ ಕಾಗದ ಪತ್ರ ಮಾಡಿಸಿಕೊಡುವ ಕೆಲಸ. ನನ್ನ ಹತ್ತಿರ ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ. "ಬೇರೆ ರಾಜ್ಯಕ್ಕೆ ಲೋಡ್ ಹೊಡೀಬೇಕು, ಎನ್‌ಪಿ ಇದ್ರೆ ಸಾಕಲ್ವಾ?" ಸಾಕಾಗಲ್ಲ. ಎನ್‌ಪಿ, ಅಂದರೆ ನ್ಯಾಷನಲ್ ಪರ್ಮಿಟ್, ಗಾಡಿಯ ಕಾಗದ. ನಿಮ್ಮ ವ್ಯಾಪಾರದ ಕಾಗದ ಅಲ್ಲ. ಗಾಡಿಗೆ ಏನು ಬೇಕು ಅನ್ನೋದನ್ನ ತೂಕ ಹೇಳುತ್ತೆ. ನಿಮಗೆ ಏನು ಬೇಕು ಅನ್ನೋದನ್ನ ನೀವು ಪಾರ್ಟಿ (ಮಾಲಿನ ಗಿರಾಕಿ) ಕೈಗೆ ಕೊಡುವ ಚೀಟಿ ಹೇಳುತ್ತೆ. ಇವತ್ತು ನನ್ನ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಗಾಡಿ. ಜೇಬಿನಿಂದ ಆರ್‌ಸಿ ತೆಗೆಯಿರಿ. ಹೌದು, ಈಗಲೇ. ಫೋನಿನಲ್ಲಿದ್ದರೂ ಪರವಾಗಿಲ್ಲ. ಅದರಲ್ಲಿ ಎರಡು ತೂಕ ಇರುತ್ತೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಲೋಡ್ ಸಮೇತ ಒಟ್ಟು ತೂಕ. ನೋಡಬೇಕಾದ್ದು ಎರಡನೆಯದು. ಆ ಒಟ್ಟು ತೂಕ 3,000 ಕೆಜಿ ಮೀರದಿದ್ದರೆ ನಿಮಗೆ ಪರ್ಮಿಟ್ಟೇ ಬೇಡ. 66ನೇ ಸೆಕ್ಷನ್ನಿನ ಮೂರನೇ ಉಪವಿಧಿಯಲ್ಲೇ ಈ ವಿನಾಯಿತಿ ಇದೆ. ಟಾಟಾ ಏಸ್ ಇಟ್ಟುಕೊಂಡವರು ಇದರೊಳಗೇ ಬರುತ್ತಾರೆ.

ಎಡವೋದು ಪಿಕಪ್‌ನವರು. "ಅಣ್ಣ, ನನ್ ಗಾಡಿ ಒಂದೂವರೆ ಟನ್ನಿಂದು, ಮೂರು ಟನ್ ಎಲ್ಲಿ ಆಗುತ್ತೆ?" ಅಂತಾರೆ. ಒಂದೂವರೆ ಟನ್ ಅಂದರೆ ಅದು ಹೊರುವ ಮಾಲು. ಗಾಡಿಯ ಸ್ವಂತ ತೂಕ ಕೂಡಿಸಿದರೆ ಕೆಲವು ಪಿಕಪ್ 3,000 ದಾಟುತ್ತವೆ, ಕೆಲವು ಒಳಗೇ ಉಳಿಯುತ್ತವೆ. ಒಂದೇ ಕಂಪನಿ, ಒಂದೇ ಹೆಸರು, ಬೇರೆ ಬೇರೆ ಮಾಡೆಲ್. ಷೋರೂಮಿನವನ ಮಾತು ನಂಬಬೇಡಿ. ಆರ್‌ಸಿ ನೋಡಿ.

ಇನ್ನೊಂದು ವಿನಾಯಿತಿ 2018ರ ಅಕ್ಟೋಬರ್‌ನಲ್ಲಿ ಬಂತು. ಬ್ಯಾಟರಿ ಗಾಡಿ, ಎಥನಾಲ್ ಅಥವಾ ಮೆಥನಾಲ್ ಮೇಲೆ ಓಡುವ ಗಾಡಿಗಳಿಗೆ ಪರ್ಮಿಟ್ ಬೇಡ ಅಂತ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಇಲ್ಲಿರೋರಲ್ಲಿ ಎಷ್ಟು ಜನ ಬ್ಯಾಟರಿ ಲಾರಿ ತಗೊಂಡಿದ್ದೀರಿ? ಒಬ್ಬರೂ ಕೈ ಎತ್ತಲಿಲ್ಲ. ಸರಿ, ಮುಂದೆ ಹೋಗೋಣ.

ಒಂದು ಎಚ್ಚರಿಕೆ ಮಾತ್ರ. ಪರ್ಮಿಟ್ ಬೇಡ ಅಂದರೆ ಏನೂ ಬೇಡ ಅಂತಲ್ಲ. ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಇನ್ಶೂರೆನ್ಸ್ ಬೇಕು. ಬೇರೆ ರಾಜ್ಯದ ವಾಹನ ತೆರಿಗೆ ಅನ್ನೋದು ಅದರದ್ದೇ ಬೇರೆ ಕಾನೂನು. ಗಡಿ ದಾಟುವ ಮುಂಚೆ ಆ ರಾಜ್ಯದಲ್ಲಿ ಏನಿದೆ ಅಂತ ವಿಚಾರಿಸಿಕೊಳ್ಳಿ.

ಈಗ ದೊಡ್ಡ ಗಾಡಿಯವರು. ನಮ್ಮ ರಾಜ್ಯದ ಪರ್ಮಿಟ್ ನಮ್ಮ ರಾಜ್ಯದೊಳಗೆ ಮಾತ್ರ ನಡೆಯುತ್ತೆ. ಪಕ್ಕದ ರಾಜ್ಯಕ್ಕೂ ಹೋಗಬೇಕಂದರೆ ಆ ರಾಜ್ಯದವರು ಅದರ ಮೇಲೆ ಸಹಿ ಹಾಕಬೇಕು. ಇದಕ್ಕೆ ಕೌಂಟರ್ ಸಿಗ್ನೇಚರ್ ಅಂತಾರೆ. 88ನೇ ಸೆಕ್ಷನ್. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ, ಮಂಗಳೂರಿನಿಂದ ಕಾಸರಗೋಡಿಗೆ ಅಂತ ಒಂದೇ ದಾರಿಯಲ್ಲಿ ಓಡಾಡುವವರಿಗೆ ಇದು ಹೊಂದುತ್ತೆ. ಒಂದೇ ಸಲದ ಕೆಲಸಕ್ಕೆ ತಾತ್ಕಾಲಿಕ ಪರ್ಮಿಟ್ ಇದೆ, ನಾಲ್ಕು ತಿಂಗಳು ಮೀರುವಂತಿಲ್ಲ. ಇವೆರಡೂ ಬೇಡ, ಇವತ್ತು ನಾಮಕ್ಕಲ್, ನಾಳೆ ನಾಗಪುರ ಅನ್ನೋರಿಗೆ ಎನ್‌ಪಿ.

ಎನ್‌ಪಿ ಅನ್ನೋದು ಒಂದು ಕಾಗದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ಎರಡು. ಪರ್ಮಿಟ್ ಒಂದು, ಅದರ ಆಯಸ್ಸು ಐದು ವರ್ಷ. ಅದರ ಜೊತೆಗೆ ಆಥರೈಸೇಷನ್, ಅಂದರೆ ಬೇರೆ ರಾಜ್ಯಗಳಲ್ಲಿ ಓಡಿಸಲು ಒಪ್ಪಿಗೆ, ಇನ್ನೊಂದು, ಅದು ಒಂದು ವರ್ಷದ್ದು. ಈ ಎರಡರ ವ್ಯತ್ಯಾಸ ನಾನು ಕಲಿತದ್ದು ಪುಸ್ತಕ ಓದಿ ಅಲ್ಲ, ಪೆಟ್ಟು ತಿಂದು.

ಆಗ ನಾನು ಒಂದು ಆಫೀಸಿನಲ್ಲಿ ಗಾಡಿಗಳ ಕಾಗದ ನೋಡಿಕೊಳ್ಳುತ್ತಿದ್ದೆ. ಮೆಕ್ಕೆಜೋಳದ ಸೀಸನ್. ನಾಮಕ್ಕಲ್ಲಿನ ಕೋಳಿ ಫಾರಂಗಳಿಗೆ ನಮ್ಮ ಕಡೆಯ ಜೋಳ ಹೋಗೋದು ನಿಮಗೆ ಗೊತ್ತೇ ಇದೆ. ಲೋಡ್ ಮಾಡಿ, ತಾಡಪಾಲು ಬಿಗಿದು, ರಾತ್ರಿ ಗಾಡಿ ಬಿಟ್ಟೆವು. ಮಾರನೇ ದಿನ ಬೆಳಿಗ್ಗೆ ಡ್ರೈವರ್ ಫೋನು. "ಅಣ್ಣಾ, ಪರ್ಮಿಟ್ ಐತೆ ಅಂತ ತೋರ್ಸಿದೆ. ಅದರ ಜೊತೆಗೆ ಇನ್ನೊಂದ್ ಕಾಗ್ದ ಇರ್ತೈತಂತಲ್ಲ, ಅದು ಮುಗ್ದೈತಂತೆ." ಪರ್ಮಿಟ್ಟಿಗೆ ಇನ್ನೂ ಮೂರು ವರ್ಷ ಇತ್ತು. ಆಥರೈಸೇಷನ್ ಹಿಂದಿನ ರಾತ್ರಿ ಹನ್ನೆರಡಕ್ಕೆ ಮುಗಿದಿತ್ತು. ಡೈರಿಯಲ್ಲಿ ನಾನು ಬರೆದಿಟ್ಟಿದ್ದು ಐದು ವರ್ಷದ ತಾರೀಖು ಮಾತ್ರ.

ದುಡ್ಡು ಕಟ್ಟಿ, ಪ್ರಿಂಟ್ ತೆಗೆಸಿ, ಗಡಿಗೆ ಮುಟ್ಟಿಸುವಷ್ಟರಲ್ಲಿ ಎರಡು ರಾತ್ರಿ ಕಳೆಯಿತು. ಎರಡನೇ ರಾತ್ರಿ ಮಳೆ. ತಾಡಪಾಲಿನ ಒಂದು ಮೂಲೆ ಹರಿದಿತ್ತು ಅನ್ನೋದು ಆವತ್ತೇ ಗೊತ್ತಾಗಿದ್ದು. ಪಾರ್ಟಿಯವರು ಹಸಿ ಜೋಳ ಅಂತ ಹನ್ನೊಂದು ಚೀಲ ವಾಪಸ್ ಕಳಿಸಿದರು. ದಂಡಕ್ಕಿಂತ ಆ ಹನ್ನೊಂದು ಚೀಲ ನನಗೆ ಜಾಸ್ತಿ ದಿನ ನೆನಪಿದ್ದವು. ಮನೆ ಮಾಳಿಗೆ ಮೇಲೆ ಒಣಗಿಸಿದೆ.

ಈಗ ಖರ್ಚು. 2010ಕ್ಕೆ ಮುಂಚೆ ಯಾವ ಯಾವ ರಾಜ್ಯ ಬೇಕೋ ಆರಿಸಿಕೊಂಡು, ಒಂದೊಂದು ರಾಜ್ಯದ ಹೆಸರಿಗೆ ಒಂದೊಂದು ಡಿಡಿ ತೆಗೆಸಬೇಕಿತ್ತು. ತವರು ರಾಜ್ಯ ಸೇರಿ ಕಡಿಮೆ ಅಂದರೂ ನಾಲ್ಕು ರಾಜ್ಯ. ಬ್ಯಾಂಕಿನ ಕ್ಯೂನಲ್ಲಿ ನಿಂತ ಹಿರಿಯರು ಇಲ್ಲಿ ಕೂತಿದ್ದಾರೆ, ನಗುತ್ತಿದ್ದಾರೆ. 2010ರ ಮೇ ತಿಂಗಳಿಂದ ಅದು ಹೋಯಿತು. ಇಡೀ ದೇಶಕ್ಕೆ ಸೇರಿಸಿ ವರ್ಷಕ್ಕೆ 15,000 ರೂಪಾಯಿ ಅಂತಾಯಿತು. 2012ರ ಏಪ್ರಿಲ್‌ನಿಂದ 16,500. ಅದರ ಮೇಲೆ ಆಥರೈಸೇಷನ್ ಶುಲ್ಕ 1,000. ಒಟ್ಟು 17,500. ದಿನದ ಲೆಕ್ಕ ಹಾಕಿದರೆ 48 ರೂಪಾಯಿ. ಡ್ರೈವರ್, ಕ್ಲೀನರ್ ಇಬ್ಬರ ಬೆಳಗಿನ ಟಿಫನ್ನಿಗೂ ಸಾಲಲ್ಲ. ದೂರದ ಬಾಡಿಗೆ ಹೊಡೆಯುವವರು ಇದನ್ನು ಉಳಿಸಲು ಹೋಗಬಾರದು ಅಂತ ನನ್ನ ಅಭಿಪ್ರಾಯ. ತಿಂಗಳಿಗೆ ಒಂದು ಸಲ ಮಾತ್ರ ಗಡಿ ದಾಟುವವರು ಕೂತು ಲೆಕ್ಕ ಹಾಕಲಿ.

ಎಲ್ಲ ಗಾಡಿಗೂ ಎನ್‌ಪಿ ಸಿಗಲ್ಲ. ವಯಸ್ಸಿನ ಮಿತಿ ಇದೆ. ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ, ಅಂದರೆ ಎರಡಕ್ಕಿಂತ ಹೆಚ್ಚು ಆಕ್ಸಲ್ ಇರುವ ಗಾಡಿಗೆ, 15. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ಟೈರು ನೋಡುತ್ತೀರಿ, ಇಂಜಿನ್ ಸದ್ದು ಕೇಳುತ್ತೀರಿ, ಷಾಸಿ ತಟ್ಟುತ್ತೀರಿ. ಹುಟ್ಟಿದ ವರ್ಷ ಮಾತ್ರ ನೋಡಲ್ಲ. ಹನ್ನೊಂದು ವರ್ಷದ ಆರು ಚಕ್ರದ ಲಾರಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಒಂದು ವರ್ಷಕ್ಕೆ ಅದು ರಾಜ್ಯದೊಳಗಿನ ಗಾಡಿ ಆಗಿಬಿಡುತ್ತೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತಿರುತ್ತೆ.

ಇನ್ನೊಂದು ಷರತ್ತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನ್ಯಾಷನಲ್ ಪರ್ಮಿಟ್ ಇದೆ ಅಂತ ಬೇರೆ ರಾಜ್ಯದಲ್ಲಿ ಲೋಕಲ್ ಬಾಡಿಗೆ ಹೊಡೆಯುವಂತಿಲ್ಲ. ದಾವಣಗೆರೆಯಿಂದ ಚೆನ್ನೈಗೆ ಹೋಗಿ ಇಳಿಸಿ. ಚೆನ್ನೈನಿಂದ ದಾವಣಗೆರೆಗೆ ರಿಟರ್ನ್ ಲೋಡ್ ತನ್ನಿ. ಎರಡೂ ಸರಿ. ಆದರೆ ಚೆನ್ನೈನಲ್ಲಿ ಲೋಡ್ ಮಾಡಿ ಕೊಯಮತ್ತೂರಿನಲ್ಲಿ ಇಳಿಸಿದಿರೋ, ನಿಯಮ ಮುರಿದಂತೆ. ರಿಟರ್ನ್ ಲೋಡ್ ಸಿಗದೆ ಮೂರು ದಿನ ಪಾರ್ಕಿಂಗ್‌ನಲ್ಲಿ ಬಿದ್ದಿರುವ ಡ್ರೈವರ್‌ಗೆ ಈ ಆಸೆ ಬಂದೇ ಬರುತ್ತೆ.

ಇದೇ ನಿಯಮ ಉಲ್ಟಾನೂ ನಡೆಯುತ್ತೆ. ನಮ್ಮ ಹೈವೇನಲ್ಲಿ ಎನ್‌ಎಲ್ 01 ನಂಬರಿನ ಲಾರಿ ಕಾಣದ ದಿನ ಇದೆಯಾ? ನಾಗಾಲ್ಯಾಂಡ್ ಅಷ್ಟು ಸಣ್ಣ ರಾಜ್ಯ, ಇಷ್ಟು ಲಾರಿ ಎಲ್ಲಿಂದ ಬಂದವು? ಅಲ್ಲಿ ತೆರಿಗೆ, ಓಡಾಟದ ಖರ್ಚು ಕಡಿಮೆ ಅಂತ ಇಲ್ಲಿನವರೇ ಅಲ್ಲಿ ನೋಂದಾಯಿಸುತ್ತಾರೆ. ಮಾಲೀಕ ಎಲ್ಲಿ ವಾಸ ಇದ್ದಾನೋ, ಅಥವಾ ಗಾಡಿ ನಿಲ್ಲಿಸುವ ವ್ಯಾಪಾರದ ಜಾಗ ಎಲ್ಲಿದೆಯೋ ಅಲ್ಲಿ ನೋಂದಣಿ ಆಗಬೇಕು ಅಂತ 40ನೇ ಸೆಕ್ಷನ್ ಹೇಳುತ್ತೆ. ಅದು ಹಾಗಿರಲಿ. ಆ ಎನ್‌ಎಲ್ ಗಾಡಿ ಬಳ್ಳಾರಿಯಲ್ಲಿ ಲೋಡ್ ಮಾಡಿ ಬೆಂಗಳೂರಿನಲ್ಲಿ ಇಳಿಸಿದರೆ, ಕರ್ನಾಟಕದೊಳಗೇ ಎರಡು ಊರಿನ ನಡುವೆ ಹೊರರಾಜ್ಯದ ಗಾಡಿ ದುಡಿದಂತಾಯಿತು. ಉಳಿಸಿದ ತೆರಿಗೆ ಒಂದು ಕಡೆ, ಈ ಅಪಾಯ ಇನ್ನೊಂದು ಕಡೆ. ನನಗಂತೂ ಆ ವ್ಯವಹಾರ ಸರಿ ಕಾಣಲ್ಲ.

ಪರ್ಮಿಟ್ ಇಲ್ಲದೆ ಓಡಿಸಿದರೆ ಏನಾಗುತ್ತೆ? 2019ರ ತಿದ್ದುಪಡಿ ಆದಮೇಲೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಂತ ಇದೆ. ಅದಕ್ಕೂ ಹೆದರದವರು ಇದ್ದಾರೆ. ಅವರು ಅಪಘಾತದ ಲೆಕ್ಕ ಕೇಳಲಿ. ಪರ್ಮಿಟ್ ಇಲ್ಲದ ಗಾಡಿ ಯಾರಿಗಾದರೂ ಗುದ್ದಿದರೆ ಅದು ಪಾಲಿಸಿಯ ಮೂಲ ಷರತ್ತನ್ನೇ ಮುರಿದಂತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇನ್ಶೂರೆನ್ಸ್ ಕಂಪನಿ ನೊಂದವರಿಗೆ ಮೊದಲು ಪರಿಹಾರ ಕಟ್ಟುತ್ತೆ, ಆಮೇಲೆ ಮಾಲೀಕನ ಬೆನ್ನು ಹತ್ತಿ ಅಷ್ಟನ್ನೂ ವಸೂಲಿ ಮಾಡುತ್ತೆ. ಪ್ರೀಮಿಯಂ ಕಟ್ಟಿದ್ದೂ ಹೋಯಿತು, ಮನೆ ಮಾರುವ ಹೊತ್ತೂ ಬಂತು.

ಗಾಡಿ ಮುಗಿಯಿತು. ಈಗ ಆಫೀಸು. ಇದು ಯಾರೂ ಮಾತಾಡದ ಭಾಗ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬ್ರಿಟಿಷರು 1865ರಲ್ಲಿ ಕ್ಯಾರಿಯರ್ಸ್ ಆಕ್ಟ್ ಅಂತ ಒಂದು ಮಾಡಿದ್ದರು. ಎತ್ತಿನ ಗಾಡಿ ಕಾಲದ ಕಾನೂನು. ಅದನ್ನು ತೆಗೆದು ಸಂಸತ್ತು 2007ರಲ್ಲಿ ಕ್ಯಾರೇಜ್ ಬೈ ರೋಡ್ ಆಕ್ಟ್ ತಂದಿತು. ಜಾರಿಗೆ ಬಂದದ್ದು 2011ರ ಮಾರ್ಚ್ 1ಕ್ಕೆ. ಅದರ ಮೂರನೇ ಸೆಕ್ಷನ್ ಹೇಳೋದು ಇಷ್ಟು. ನೋಂದಣಿ ಪತ್ರ ಇಲ್ಲದೆ ಯಾರೂ 'ಕಾಮನ್ ಕ್ಯಾರಿಯರ್' ವ್ಯಾಪಾರ ಮಾಡುವಂತಿಲ್ಲ.

ಕಾಮನ್ ಕ್ಯಾರಿಯರ್ ಅಂದರೆ ಯಾರು? ಯಾರೇ ಮಾಲು ತಂದರೂ, ಇವರು ಅವರು ಅನ್ನದೆ, ರಸೀದಿ ಕೊಟ್ಟು ಸಾಗಿಸುವವನು. ಬಾಡಿಗೆಗೆ ಒಂದೂರಿಂದ ಇನ್ನೊಂದೂರಿಗೆ ಒಯ್ಯುವವನು. ಇಲ್ಲಿಗೇ ನಿಲ್ಲಲ್ಲ. ಬುಕಿಂಗ್ ಕಂಪನಿ, ಕಾಂಟ್ರಾಕ್ಟರ್, ಏಜೆಂಟ್, ಬ್ರೋಕರ್, ಮನೆ ಬಾಗಿಲಿಗೆ ಮುಟ್ಟಿಸುವ ಕೊರಿಯರ್, ಎಲ್ಲರ ಹೆಸರೂ ಅದರಲ್ಲಿದೆ. ಸ್ವಂತ ಲಾರಿ ಒಂದೂ ಇಲ್ಲ, ಬರೀ ಟೇಬಲ್ಲು, ಫೋನು, ಎಲ್‌ಆರ್ (ಲಾರಿ ರಸೀದಿ) ಪುಸ್ತಕ ಅನ್ನೋರೂ ಬರುತ್ತಾರೆ. ರಾಜ್ಯ ದಾಟಬೇಕು ಅಂತಲೂ ಇಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಪಾರ್ಸೆಲ್ ಹಾಕಿದರೂ ಇದೇ ಕಾನೂನು.

ನೋಂದಣಿ ಸಾರಿಗೆ ಇಲಾಖೆಯಲ್ಲೇ ಆಗುತ್ತೆ, ಹತ್ತು ವರ್ಷಕ್ಕೆ. ಮಾಡಿಸದಿದ್ದರೆ ಮೊದಲ ಸಲ 5,000 ರೂಪಾಯಿವರೆಗೆ ದಂಡ. ಈ ಕಾಲದಲ್ಲಿ ಅದೇನು ದೊಡ್ಡದಲ್ಲ ಅಂತ ನೀವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೀರಿ. ಮುಖ ನೋಡಿದರೆ ಗೊತ್ತಾಗುತ್ತೆ.

ಹಾಗಾದರೆ ಈ ಕಾನೂನಿನಲ್ಲಿ ನಿಮ್ಮ ಲಾಭ ಏನಿದೆ ನೋಡಿ. ಮಾಲು ಹಾಳಾದರೆ ಕ್ಯಾರಿಯರ್ ಎಷ್ಟು ಕೊಡಬೇಕು ಅನ್ನೋದಕ್ಕೆ ಇದು ಒಂದು ಮಿತಿ ಹಾಕಿದೆ. ಬಾಡಿಗೆಯ ಹತ್ತು ಪಟ್ಟು, ಅದೂ ಪಾರ್ಟಿ ಬರೆದುಕೊಟ್ಟ ಮಾಲಿನ ಬೆಲೆ ಮೀರದಂತೆ. ಬಾಡಿಗೆ 20,000, ಮಾಲಿನ ಬೆಲೆ 12 ಲಕ್ಷ ಅಂತಿಟ್ಟುಕೊಳ್ಳಿ. ಹೊಣೆ 2 ಲಕ್ಷಕ್ಕೆ ನಿಲ್ಲುತ್ತೆ. ಪೂರ್ತಿ ಹೊಣೆ ಬೇಕಂದರೆ ಪಾರ್ಟಿ ಮುಂಚೆಯೇ ಜಾಸ್ತಿ ರಿಸ್ಕ್ ದರ ಕೊಡಲು ಒಪ್ಪಿರಬೇಕು. ಕೇಸು ಹಾಕುವ ಮುಂಚೆ ಪಾರ್ಟಿ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು ಅಂತಲೂ ಇದೆ.

ಆದರೆ ಈ ರಕ್ಷಣೆ ಸಿಗಬೇಕಂದರೆ ಕಾಗದ ಎರಡೂ ಸರಿ ಇರಬೇಕು. ಪಾರ್ಟಿ ಮಾಲಿನ ವಿವರ, ಬೆಲೆ ಬರೆದು ನಿಮಗೆ ಕೊಡುವ ಚೀಟಿ ಒಂದು. ನೀವು ಅವರಿಗೆ ಕೊಡುವ ರಸೀದಿ ಇನ್ನೊಂದು. ನಮ್ಮ ಆಫೀಸುಗಳಲ್ಲಿ ಮೊದಲನೆಯದು ಇರೋದೇ ಇಲ್ಲ. ಹಮಾಲಿ ಬಂದು "50 ಬಾಕ್ಸ್ ಅಣ್ಣ" ಅಂತಾನೆ. ನಾವು '50 ಬಾಕ್ಸ್, ಬೆಲೆ ಬಿಲ್ ಪ್ರಕಾರ' ಅಂತ ಗೀಚಿ ಹರಿದು ಕೊಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಗೀಚಿದ್ದೇನೆ.

ಮಿಲ್ಲಿನವರಿಗೆ ಇಲ್ಲಿ ಸಮಾಧಾನ ಇದೆ. ಸ್ವಂತ ಅಕ್ಕಿಯನ್ನು ಸ್ವಂತ ಲಾರಿಯಲ್ಲಿ ಒಯ್ದರೆ ಅವರು ಕಾಮನ್ ಕ್ಯಾರಿಯರ್ ಅಲ್ಲ. ಗಾಡಿಗೆ ಪರ್ಮಿಟ್ ಸಾಕು, ಆಫೀಸಿಗೆ ಈ ನೋಂದಣಿ ಬೇಡ. ಆದರೆ ಬರುವಾಗ ಖಾಲಿ ಬರೋದ್ಯಾಕೆ ಅಂತ ಕೈಗೆ ಸಿಕ್ಕವರ ಮಾಲು ಹಾಕಿಕೊಂಡು ಬರುವ ಚಾಳಿ ಶುರುವಾದರೆ ಈ ಕಡೆ ಸಾಲಿಗೆ ಬಂದರು ಅಂತಲೇ ಲೆಕ್ಕ. ಒಂದೇ ಫ್ಯಾಕ್ಟರಿಗೆ ಮಾತ್ರ ಗಾಡಿ ಓಡಿಸುವವರ ವಿಷಯದಲ್ಲಿ ವಾದಕ್ಕೆ ಜಾಗ ಇದೆ. ನಾನಾದರೆ ವಾದ ಮಾಡುತ್ತಾ ಕೂರದೆ ನೋಂದಣಿ ಮಾಡಿಸುತ್ತೇನೆ.

ಜಿಎಸ್‌ಟಿ ಬಗ್ಗೆ ಎರಡು ಮಾತು ಸಾಕು, ಉಳಿದದ್ದು ನಿಮ್ಮ ಆಡಿಟರ್ ಹೇಳುತ್ತಾರೆ. ಅಲ್ಲೂ ಕೀಲಿ ಇರೋದು ಎಲ್‌ಆರ್‌ನಲ್ಲೇ. ನೀವು ಎಲ್‌ಆರ್ ಬರೆಯದೆ, ನಿಮ್ಮ ಲಾರಿಯನ್ನು ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೆ ಬಾಡಿಗೆಗೆ ಕೊಟ್ಟರೆ ಆ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಎಲ್‌ಆರ್ ಬರೆದವರು ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ ಆಗುತ್ತಾರೆ. ಎಲ್ಲ ಬಿಲ್ಲಿನ ತೆರಿಗೆಯನ್ನೂ ಪಾರ್ಟಿಯೇ ಕಟ್ಟುವ ಲೆಕ್ಕದಲ್ಲಿದ್ದರೆ ಅವರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದರೆ 50,000 ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್, ಅಂದರೆ ಮಾಲಿನ ಆನ್‌ಲೈನ್ ಚೀಟಿ, ಬೇಕಲ್ಲ, ಅದಕ್ಕೆ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಿ 15 ಅಂಕಿ ಅಕ್ಷರದ ಟ್ರಾನ್ಸ್‌ಪೋರ್ಟರ್ ಐಡಿ ತಗೋಬೇಕು. 2017ರ ಜುಲೈನಲ್ಲಿ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು ಅಂತ ಖುಷಿಪಟ್ಟೆವು. ಈಗ ಫೋನಿನಲ್ಲೇ ಚೆಕ್‌ಪೋಸ್ಟ್.

ನನ್ನ ತಂಗಿ ಮಗ ಅಮೆರಿಕದಲ್ಲಿ ಲಾಜಿಸ್ಟಿಕ್ಸ್ ಕೆಲಸದಲ್ಲಿದ್ದಾನೆ. ಅವನ ಜೊತೆ ಮಾತಾಡಿದಾಗ ಗೊತ್ತಾಯಿತು, ಅಲ್ಲಿ ಲೆಕ್ಕ ಶುರುವಾಗೋದೇ ಆಫೀಸಿನಿಂದ. ಟ್ರಕ್ಕಿನ ಬಾಗಿಲ ಮೇಲೆ ಕಂಪನಿ ಹೆಸರು, ಅದರ ಕೆಳಗೆ ಅಲ್ಲಿನ ಸಾರಿಗೆ ಇಲಾಖೆ ಕೊಡುವ ಯುಎಸ್‌ಡಾಟ್ ನಂಬರ್ ಬರೆದಿರುತ್ತೆ. ಆ ನಂಬರ್ ವ್ಯಾಪಾರದ್ದು, ಗಾಡಿಯದ್ದಲ್ಲ. 10,001 ಪೌಂಡ್, ಅಂದರೆ ನಮ್ಮ ನಾಲ್ಕೂವರೆ ಟನ್ನಿನ ಮೇಲಿನ ಟ್ರಕ್ಕು ರಾಜ್ಯ ದಾಟಿದರೆ ಸ್ವಂತ ಮಾಲಿಗೂ ಅದು ಬೇಕು. ಬೇರೆಯವರ ಮಾಲನ್ನು ಬಾಡಿಗೆಗೆ ಸಾಗಿಸುವವರು ಅದರ ಮೇಲೆ ಇನ್ನೊಂದು ಅನುಮತಿ ತಗೋಬೇಕು. ಜೊತೆಗೆ ವರ್ಷ ವರ್ಷ ಯುಸಿಆರ್ ಅನ್ನುವ ನೋಂದಣಿ, ಎಷ್ಟು ಟ್ರಕ್ ಇವೆ ಅನ್ನುವುದರ ಮೇಲೆ ಅದರ ಫೀಸು. ಟ್ರಕ್ಕೇ ಇಲ್ಲದ ಬ್ರೋಕರ್ ಕೂಡ ಕಟ್ಟಬೇಕು. "ಅಲ್ಲೂ ಬ್ರೋಕರ್ ಇದ್ದಾರೇನೋ?" ಅಂದೆ. "ಮಾವ, ಅವರಿಲ್ದೆ ಇಲ್ಲೂ ಲೋಡ್ ಸಿಗಲ್ಲ" ಅಂದ.

ಮಾತು ಮುಗಿಸಿ ಕೂತೆ. ಪ್ರಶ್ನೆಗಳು ಹೆಚ್ಚಿಗೆ ಫಾಸ್ಟ್ಯಾಗ್, ಎಫ್‌ಸಿ ಬಗ್ಗೆ ಬಂದವು. ಇಲ್ಲಿ ಬರೆಯುವಂಥದ್ದಲ್ಲ. ಎಲ್ಲರೂ ಮಂಡಕ್ಕಿ ಕಡೆ ಹೋದಮೇಲೆ ಒಬ್ಬ ಹುಡುಗ ಉಳಿದ. ಇಪ್ಪತ್ತೈದು ಇರಬಹುದು.

"ಅಣ್ಣ, ನಂದು ಒಂದೇ ಈಚರ್ ಗಾಡಿ, ಎನ್‌ಪಿ ಐತೆ. ಫೋನಲ್ಲಿ ಬ್ಯಾರೆಯೋರ ಗಾಡಿಗೂ ಲೋಡ್ ಕೊಡಿಸ್ತೀನಿ. ಗಾಡಿಗೆ ಐನೂರು ತಗೋತೀನಿ. ನಾನು ಯಾವ ಲೆಕ್ಕಕ್ಕೆ ಬರ್ತೀನಿ?"

"ರಸೀದಿ ಏನಾದ್ರೂ ಕೊಡ್ತೀಯಾ?" ಅಂದೆ.

ಬ್ಯಾಗಿನಿಂದ ಪುಸ್ತಕ ತೆಗೆದ. ಎಣ್ಣೆ ಕೈ ತಾಗಿ ಮೂಲೆಗಳು ಕಪ್ಪಾಗಿದ್ದವು. ಮೂರು ಪ್ರತಿ, ಬಿಳಿ, ಗುಲಾಬಿ, ಹಳದಿ. ಮೇಲೆ ಅವನ ಅಪ್ಪನ ಹೆಸರಿನಲ್ಲಿ ಒಂದು ರೋಡ್‌ಲೈನ್ಸ್, ಅದರ ಕೆಳಗೆ 'ಆಲ್ ಇಂಡಿಯಾ ಸರ್ವಿಸ್', ಪಕ್ಕದಲ್ಲಿ ಹತ್ತು ಚಕ್ರದ ಲಾರಿಯ ಚಿತ್ರ. ಮಾಲಿನ ಬೆಲೆ ಬರೆಯುವ ಮನೆ ಪ್ರತಿ ಹಾಳೆಯಲ್ಲೂ ಖಾಲಿ.

"ಮಾಲೀಕನೂ ಹೌದು, ಬ್ರೋಕರ್ರೂ ಹೌದು, ಕಾಮನ್ ಕ್ಯಾರಿಯರ್ರೂ ಹೌದು" ಅಂದೆ. "ಎಷ್ಟು ಹರಿದಿದ್ದೀಯಾ?"

"ಮುಗೀತಾ ಬಂತಣ್ಣ. ನಾಳೆ ಬರೆಯೋದು ತೊಂಬತ್ಮೂರು. ನೂರಕ್ಕೆ ಹೊಸದು ಪ್ರಿಂಟ್ ಹಾಕಿಸ್ಬೇಕು."

ಪ್ರೆಸ್ಸಿನವರಿಗೆ ಒಂದು ವಾರ ತಡಿ ಅಂತ ಹೇಳು, ಮೊದಲು ಅರ್ಜಿ ಹಾಕೋಣ, ಹೊಸ ಪುಸ್ತಕದ ಮೇಲೆ ನೋಂದಣಿ ನಂಬರ್ ಸೇರಿಸಿಯೇ ಹಾಕಿಸೋಣ ಅಂದೆ. ಆ ಮನೆಯಲ್ಲಿ ಬೆಲೆ ತುಂಬೋದು ಮಾತ್ರ ನಾಳಿನ ತೊಂಬತ್ಮೂರರಿಂದಲೇ. ಅವನು ಪುಸ್ತಕ ಮಡಚಿ ಬ್ಯಾಗಿಗೆ ಹಾಕಿಕೊಂಡ. ಅಷ್ಟೊತ್ತಿಗೆ ಮೆಣಸಿನಕಾಯಿ ಖಾಲಿಯಾಗಿತ್ತು, ಮಂಡಕ್ಕಿ ಮಾತ್ರ ಉಳಿದಿತ್ತು. ಇಬ್ಬರೂ ಒಂದೇ ಪೊಟ್ಟಣದಲ್ಲಿ ತಿಂದೆವು.